ಕಡಲ ತಳದ ಕಾವು

ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಿಗೆ ಭೂಮಿಯ ಒಡಲು ಬಿಸಿಯಾಗಿದೆ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದ ಆ ಸುರಂಗಗಳಲ್ಲಿ ಸುತ್ತಲಿನ ಬಂಡೆಯೇ ಕಾದಿರುತ್ತಿತ್ತು. ತಂಪುಗೊಳಿಸಿದ ಗಾಳಿಯನ್ನು ಯಂತ್ರಗಳಿಂದ ಕೆಳಕ್ಕೆ ತಳ್ಳದಿದ್ದರೆ ಅಲ್ಲಿ ಮನುಷ್ಯನು ನಿಂತು ಕೆಲಸ ಮಾಡುವುದು ಸಾಧ್ಯವಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದಲ್ಲಿ ಈ ಗಣಿಗಳೊಳಗೆ ಉಷ್ಣತೆಯನ್ನು ಅಳೆದು, ನೆಲದೊಳಗಿನಿಂದ ಎಷ್ಟು ಶಾಖ ಮೇಲಕ್ಕೆ ಹರಿದುಬರುತ್ತಿದೆ ಎಂಬುದನ್ನು ನಿರ್ಧರಿಸಿದರು. 2001ರಲ್ಲಿ ಆ ಗಣಿಗಳು ಮುಚ್ಚಿದುವು. ಆದರೂ ನೆಲದ ಮೇಲೆ ಬೇರೆ ಗಣಿಗಳಿವೆ, ಆಳವಾದ ಕೊಳವೆ ಬಾವಿಗಳಿವೆ. ಅಳೆಯುವ ಮನಸ್ಸಿದ್ದವರಿಗೆ ದಾರಿ ಇದ್ದೇ ಇದೆ.

ಕಡಲಿನ ವಿಷಯ ಹಾಗಲ್ಲ. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಭಾಗ ಕಡಲು. ಭೂಗರ್ಭದ ಶಾಖದಲ್ಲಿ ನೂರಕ್ಕೆ ಸುಮಾರು 70 ಭಾಗ ಹೊರಬೀಳುವುದು ಆ ಕಡಲಿನ ತಳದ ಮೂಲಕವೇ. ಅಲ್ಲಿ ಗಣಿಯಿಲ್ಲ, ಬಾವಿಯಿಲ್ಲ. ಮೂರು ನಾಲ್ಕು ಕಿಲೋಮೀಟರ್ ಆಳದ ನೀರು, ಅದರ ಅಡಿಯಲ್ಲಿ ಕೋಟ್ಯಂತರ ವರ್ಷಗಳಿಂದ ಶೇಖರವಾದ ಕೆಸರು, ಅದರ ಅಡಿಯಲ್ಲಿ ಬಸಾಲ್ಟ್ ಎಂಬ ಕಪ್ಪು ಶಿಲೆ. ಈ ತೆರೆಗಳ ಹಿಂದೆ ಅವಿತಿರುವ ಕಾವನ್ನು ಅಳೆಯಲು ಮನುಷ್ಯನು ಕಳೆದ ಮುಕ್ಕಾಲು ಶತಮಾನದಲ್ಲಿ ಪಟ್ಟ ಪ್ರಯತ್ನ ಸಣ್ಣದಲ್ಲ. ಆ ಪ್ರಯತ್ನ ಮುಂದುವರಿಯಬೇಕೇ ಎಂಬ ಪ್ರಶ್ನೆ ಇಂದು ಎದ್ದಿದೆ.

ಶಾಖಪ್ರವಾಹವು ಕಣ್ಣಿಗೆ ಕಾಣುವ ಪ್ರವಾಹವಲ್ಲ. ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಶಾಖ ಸಾಗುತ್ತದೆ. ಎಷ್ಟು ಸಾಗುತ್ತದೆ ಎಂಬುದನ್ನು ತಿಳಿಯುವ ಸೂತ್ರವನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರ್ಯೇ 1822ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೊಟ್ಟನು. ಆಳಕ್ಕೆ ಇಳಿದಂತೆ ಉಷ್ಣತೆ ಎಷ್ಟು ಏರುತ್ತದೆ ಎಂಬುದನ್ನು ಮೊದಲು ಅಳೆಯಬೇಕು. ಅಲ್ಲಿನ ಕೆಸರು ಅಥವಾ ಶಿಲೆ ಶಾಖವನ್ನು ಎಷ್ಟು ಸುಲಭವಾಗಿ ಸಾಗಗೊಡುತ್ತದೆ, ಎಂದರೆ ಅದರ ಉಷ್ಣವಾಹಕತ್ವ ಎಷ್ಟು, ಎಂಬುದನ್ನು ಅನಂತರ ಅಳೆಯಬೇಕು. ಇವೆರಡನ್ನೂ ಗುಣಿಸಿದರೆ ಶಾಖಪ್ರವಾಹ ದೊರೆಯುತ್ತದೆ. ದೊರೆಯುವ ಸಂಖ್ಯೆ ಮಾತ್ರ ಬಹಳ ಪುಟ್ಟದು. ಸಾಗರತಳದ ಒಂದು ಚದರ ಮೀಟರಿನಿಂದ ಹೊರಬರುವ ಶಾಖ ಸರಾಸರಿ ಒಂದು ವಾಟಿನ ಹತ್ತನೆಯ ಒಂದು ಪಾಲು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಗಳದಷ್ಟು ತಳದಿಂದ ಬರುವುದನ್ನೆಲ್ಲ ಕೂಡಿಹಾಕಿದರೂ ಅದು 10 ವಾಟಿನ ಒಂದು ದೀಪಕ್ಕೆ ಸಮ. ನಡುಹಗಲಿನ ಬಿಸಿಲಾದರೋ ಒಂದೇ ಚದರ ಮೀಟರಿನ ಮೇಲೆ ಸುಮಾರು 1,000 ವಾಟ್ ಸುರಿಯುತ್ತದೆ. ಆದರೆ ಭೂಮಿ ದೊಡ್ಡದು. ಈ ಪುಟ್ಟ ಪಾಲುಗಳೆಲ್ಲ ಸೇರಿದಾಗ ಭೂಗೋಳ ಹೊರಹಾಕುವ ಶಾಖ ಸುಮಾರು 47 ಲಕ್ಷ ಕೋಟಿ ವಾಟ್ ಆಗುತ್ತದೆಂದು ಅಂದಾಜು. ಖಂಡಗಳು ಸರಿಯುವುದು, ಪರ್ವತಗಳು ಏಳುವುದು, ಜ್ವಾಲಾಮುಖಿಗಳು ಉಕ್ಕುವುದು, ನೆಲ ನಡುಗುವುದು ಇವೆಲ್ಲದರ ಹಿಂದೆ ಇರುವುದು ಈ ಶಾಖವೇ.

ಇಷ್ಟು ಅಲ್ಪವಾಗಿ ಒಸರುವ ಶಾಖವನ್ನು ಅಳೆಯುವುದಕ್ಕಾಗಿ ಹಡಗನ್ನು ನಡುಗಡಲಿಗೆ ಒಯ್ದು, ಅಪಾರ ಹಣ ಸುರಿದು, ತಳವನ್ನು ಕೊರೆಯಬೇಕೇ? ಲೆಕ್ಕ ಹಾಕಿ ತಿಳಿದುಕೊಂಡರೆ ಸಾಲದೇ? ಹೀಗೆ ಕೇಳುವವರು ಅವಿವೇಕಿಗಳೇನಲ್ಲ. ಆದರೆ ಲೆಕ್ಕವೊಂದನ್ನೇ ನೆಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ಇದೇ ಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವಿದೆ.

ಬ್ರಿಟನ್ನಿನ ಮಹಾ ವಿಜ್ಞಾನಿ ಲಾರ್ಡ್ ಕೆಲ್ವಿನ್ 1862ರಲ್ಲಿ ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದನು. ಭೂಮಿ ಮೊದಲು ಕರಗಿದ ಉಂಡೆಯಾಗಿತ್ತು, ಅಂದಿನಿಂದ ಅದು ಆರುತ್ತಾ ಬಂದಿದೆ, ಗಣಿಗಳಲ್ಲಿ ಇಂದು ಕಾಣುವ ಉಷ್ಣತೆಯ ಏರಿಕೆ ಹೀಗೆ ಆರಿ ಉಳಿದ ಬಿಸಿಯ ಗುರುತು ಎಂದು ಅವನು ಭಾವಿಸಿದನು. ಫೂರ್ಯೇಯ ಗಣಿತವನ್ನು ಅನ್ವಯಿಸಿದಾಗ ಉತ್ತರವಾಗಿ ಬಂದದ್ದು 2 ಕೋಟಿಯಿಂದ 40 ಕೋಟಿ ವರ್ಷ. 1897ರ ಹೊತ್ತಿಗೆ ಅದನ್ನು 2 ಕೋಟಿಯಿಂದ 4 ಕೋಟಿಗೆ ಇಳಿಸಿದನು. ಜೀವಿಗಳ ವಿಕಾಸಕ್ಕೆ ಇಷ್ಟು ಕಾಲ ಸಾಲದೆಂದು ಜೀವವಿಜ್ಞಾನಿಗಳು ಸಂಕಟಪಟ್ಟರು. ಕೆಲ್ವಿನ್ನನ ಗಣಿತದ ಮುಂದೆ ಅವರ ಮಾತು ನಡೆಯಲಿಲ್ಲ. ಅವನ ಗಣಿತದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಗಣಿತಕ್ಕೆ ಮುಂಚಿನ ನಂಬಿಕೆಯಲ್ಲಿ. ಭೂಗರ್ಭದಲ್ಲಿ ಶಾಖವು ಬಂಡೆಯಿಂದ ಬಂಡೆಗೆ ನಿಧಾನವಾಗಿ ಹರಡುತ್ತದೆಯೇ ಹೊರತು, ಒಳಗಿನ ದ್ರವ್ಯವೇ ಚಲಿಸಿ ಶಾಖವನ್ನು ಹೊತ್ತು ತರುವುದಿಲ್ಲ ಎಂದು ಅವನು ಹಿಡಿದಿದ್ದನು. ಹಿಂದೆ ಅವನಿಗೇ ಸಹಾಯಕನಾಗಿದ್ದ ಜಾನ್ ಪೆರ್ರಿ ಎಂಬ ಎಂಜಿನಿಯರು 1895ರಲ್ಲಿ ಈ ದೋಷವನ್ನು ಎತ್ತಿ ತೋರಿಸಿದನು. ಅವನ ಮಾತಿಗೆ ಆಗ ಹೆಚ್ಚು ಬೆಲೆ ಬರಲಿಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ಇಂದು ತಿಳಿದಿದೆ.

ಕಡಲಿನ ತಳದಲ್ಲಿಯೂ ಅಚ್ಚರಿ ಕಾದಿತ್ತು. ಯುರೇನಿಯಂ, ಥೋರಿಯಂ ಮೊದಲಾದ ವಿಕಿರಣಪಟು ಧಾತುಗಳು ಶಿಲೆಗಳೊಳಗೆ ನಿರಂತರವಾಗಿ ಶಾಖವನ್ನು ಉಂಟುಮಾಡುತ್ತವೆ. ಭೂಖಂಡಗಳ ಗ್ರಾನೈಟಿನಲ್ಲಿ ಇವು ಹೆಚ್ಚು, ಸಾಗರತಳದ ಬಸಾಲ್ಟಿನಲ್ಲಿ ಬಹಳ ಕಡಿಮೆ. ಆದ್ದರಿಂದ ಕಡಲ ತಳದಿಂದ ಬರುವ ಶಾಖ ನೆಲದಿಂದ ಬರುವುದಕ್ಕಿಂತ ಎಷ್ಟೋ ಕಡಿಮೆಯಿರಬೇಕೆಂದು ಎಲ್ಲರೂ ಎಣಿಸಿದ್ದರು. ದಕ್ಷಿಣ ಆಫ್ರಿಕದಲ್ಲಿ ನೆಲದ ಶಾಖಪ್ರವಾಹವನ್ನು ಅಳೆದು 1939ರಲ್ಲಿ ಪ್ರಕಟಿಸಿದ್ದ ಎಡ್ವರ್ಡ್ ಬುಲ್ಲಾರ್ಡ್ ಎಂಬ ಬ್ರಿಟಿಷ್ ಭೂಭೌತವಿಜ್ಞಾನಿ, ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ರೋಜರ್ ರೆವೆಲ್ ಮತ್ತು ಆರ್ಥರ್ ಮ್ಯಾಕ್ಸ್‌ವೆಲ್ ಎಂಬವರೊಡನೆ ಸೇರಿ ಕಡಲಿಗೆ ತಕ್ಕ ಉಪಕರಣವೊಂದನ್ನು ಸಿದ್ಧಗೊಳಿಸಿದನು. ಅದು ಕೆಲವು ಮೀಟರ್ ಉದ್ದದ ಉಕ್ಕಿನ ಸಲಾಕೆ. ಹಡಗಿನಿಂದ ಹಗ್ಗದ ಮೂಲಕ ಇಳಿಬಿಟ್ಟರೆ ತನ್ನ ಭಾರದಿಂದಲೇ ತಳದ ಕೆಸರಿನಲ್ಲಿ ನಾಟಿಕೊಂಡು, ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಅದು ಗುರುತಿಸುತ್ತಿತ್ತು. 1950ರಲ್ಲಿ ಶಾಂತಸಾಗರದಲ್ಲಿ ಅದನ್ನು ಇಳಿಸಿ ನೋಡಿದಾಗ, ಕಡಲ ತಳದ ಶಾಖವು ನೆಲದ ಶಾಖಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು! ಎಣಿಕೆ ಪೂರ್ತಿ ಹುಸಿಯಾಯಿತು. ಭೂಗರ್ಭದ ಬಿಸಿ ದ್ರವ್ಯವು ಕೆಳಗಿನಿಂದ ಎದ್ದುಬಂದು ಹೊಸ ಸಾಗರತಳವನ್ನು ನಿರ್ಮಿಸುತ್ತಿದೆ ಎಂಬ ವಿಚಾರ 1960ರ ದಶಕದಲ್ಲಿ ಬೇರೂರಿದಾಗ ಈ ಶಾಖದ ಮೂಲವೂ ಸ್ಪಷ್ಟವಾಯಿತು.

ಹೊಸ ವಿಚಾರ ಹೊಸ ಲೆಕ್ಕವನ್ನೂ ತಂದಿತು. ಸಾಗರಗಳ ನಡುವೆ ಹಬ್ಬಿರುವ ಪರ್ವತಶ್ರೇಣಿಗಳ ನೆತ್ತಿಯಲ್ಲಿ ಹೊಸ ತಳ ಹುಟ್ಟುತ್ತದೆ. ಅಲ್ಲಿಂದ ಎರಡೂ ಕಡೆಗೆ ಸರಿಯುತ್ತಾ ಆರುತ್ತದೆ. ತಳದ ವಯಸ್ಸು ನಾಲ್ಕು ಪಟ್ಟಾದರೆ ಅದರಿಂದ ಹೊಮ್ಮುವ ಶಾಖ ಅರ್ಧಕ್ಕೆ ಇಳಿಯಬೇಕು ಎಂದು ಗಣಿತ ಹೇಳಿತು. ಹಳೆಯ ತಳದಲ್ಲಿ ಅಳತೆ ಈ ಮಾತಿಗೆ ಒಪ್ಪುವಂತಿತ್ತು. ಎಳೆಯ ತಳದಲ್ಲಿ ಒಪ್ಪಲಿಲ್ಲ. ಲೆಕ್ಕದ ಪ್ರಕಾರ ಇರಬೇಕಾದ ಶಾಖದಲ್ಲಿ ಬಹುಪಾಲು ಅಲ್ಲಿ ಕಾಣೆಯಾಗಿತ್ತು. ಅಷ್ಟೇ ಅಲ್ಲ, ಒಂದಕ್ಕೊಂದು ಕೆಲವೇ ಕಿಲೋಮೀಟರ್ ದೂರದ ಎರಡು ಜಾಗಗಳಲ್ಲಿ ಅಳತೆಗಳು ಹಲವು ಪಟ್ಟು ಹೆಚ್ಚುಕಡಿಮೆಯಾಗುತ್ತಿದ್ದುವು. ಉಪಕರಣ ಕೆಟ್ಟಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಹಾಗೆ ಮಾಡದೆ, ಕಾಣೆಯಾದ ಶಾಖ ಎಲ್ಲಿ ಹೋಯಿತು ಎಂದು ಹುಡುಕಿದವರಿಂದಲೇ ಮುಂದಿನ ಹೆಜ್ಜೆ ಸಾಧ್ಯವಾಯಿತು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಲೈವ್ ಲಿಸ್ಟರ್ 1972ರಲ್ಲಿ ಉತ್ತರವೊಂದನ್ನು ಮುಂದಿಟ್ಟನು. ಎಳೆಯ ಶಿಲೆಯ ತುಂಬ ಬಿರುಕುಗಳಿವೆ. ಕಡಲ ನೀರು ಅವುಗಳಲ್ಲಿ ಇಳಿದು, ಕಾದು, ಮತ್ತೊಂದು ಕಡೆ ಮೇಲೆದ್ದು ಬರುತ್ತದೆ. ಕೆಸರಿನಲ್ಲಿ ನಾಟಿದ ಸಲಾಕೆಗೆ ಸಿಕ್ಕುವುದು ಕೆಸರಿನ ಮೂಲಕ ಹರಡಿದ ಶಾಖ ಮಾತ್ರ, ನೀರು ಹೊತ್ತೊಯ್ದದ್ದು ಅದರ ಕೈಗೆ ಸಿಗುವುದಿಲ್ಲ. ಐದು ವರ್ಷಗಳ ಅನಂತರ, 1977ರಲ್ಲಿ, ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ನೌಕೆಯಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕೆ ಇಳಿದವರು ತಳದಿಂದ ಬೆಚ್ಚನೆಯ ನೀರಿನ ಬುಗ್ಗೆಗಳು ಏಳುತ್ತಿದ್ದುದನ್ನು ಕಣ್ಣಾರೆ ಕಂಡರು. ಸೂರ್ಯನ ಬೆಳಕು ಎಂದೂ ಮುಟ್ಟದ ಆ ಕತ್ತಲೆಯಲ್ಲಿ, ಆ ಬುಗ್ಗೆಗಳ ಸುತ್ತ, ಜೀವಿಗಳು ದಟ್ಟವಾಗಿ ಬೆಳೆದಿದ್ದುವು. 1979ರಲ್ಲಿ ಮೆಕ್ಸಿಕೋ ಕರಾವಳಿಯ ಆಚೆ ಕಪ್ಪು ಹೊಗೆಯಂತೆ ನೀರನ್ನು ಉಗುಳುವ ಕಲ್ಲಿನ ಕೊಳವೆಗಳು ಸಿಕ್ಕಿದುವು. ಅದರ ಉಷ್ಣತೆಯನ್ನು ಅಳೆಯಹೋದಾಗ ಉಪಕರಣದ ಪ್ಲಾಸ್ಟಿಕ್ ಭಾಗವೇ ಕರಗತೊಡಗಿತು. ನೀರು ಸುಮಾರು 350 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು. ಸಾಗರತಳ ಹೊರಹಾಕುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಹೀಗೆ ನೀರೇ ಹೊತ್ತು ತರುತ್ತದೆ ಎಂದು ಇಂದಿನ ಅಂದಾಜು. ಕೆಲ್ವಿನ್ ಎಡವಿದಂಥ ಕಲ್ಲಿನ ಮೇಲೆಯೇ ಸಾಗರತಳದ ಲೆಕ್ಕವೂ ಎಡವಿತ್ತು. ಶಾಖವು ಹರಡುತ್ತದೆ ಎಂಬುದನ್ನು ಮಾತ್ರ ಅದು ನೆನೆದಿತ್ತು, ಹೊತ್ತೊಯ್ಯಲ್ಪಡುತ್ತದೆ ಎಂಬುದನ್ನು ಮರೆತಿತ್ತು.

ಸಲಾಕೆ ಇಷ್ಟೆಲ್ಲ ಮಾಡಿತಾದರೆ ಕೊರೆಯುವುದೇಕೆ? ಸಲಾಕೆ ಅಗ್ಗ, ಹಗುರ, ದಿನಕ್ಕೆ ಹಲವು ಕಡೆ ನಾಟಬಹುದು. ಸಾಗರಗಳ ಶಾಖದ ನಕ್ಷೆ ಸಿದ್ಧವಾದದ್ದು ಬಹುಮಟ್ಟಿಗೆ ಅದರಿಂದಲೇ ಎಂಬುದನ್ನು ಒಪ್ಪಬೇಕು. ಆದರೆ ಅದು ಮುಟ್ಟುವುದು ಕೆಸರಿನ ಮೇಲಿನ ಕೆಲವು ಮೀಟರುಗಳನ್ನು. ಅದರ ಕೆಳಗೆ ಏನಿದೆ ಎಂಬುದನ್ನು ಅದು ಊಹಿಸಬಲ್ಲುದೇ ಹೊರತು ನೋಡಲಾರದು. ಹಣೆಯ ಮೇಲೆ ಕೈಯಿಟ್ಟು ಜ್ವರವಿದೆ ಎನ್ನಬಹುದು; ಜ್ವರದ ಕಾರಣವನ್ನು ಹೇಳಲು ಅಷ್ಟೇ ಸಾಲದು.

ಆಳಸಾಗರವನ್ನು ಕೊರೆಯುವ ಕೆಲಸ ಮೊದಲಾದದ್ದು 1961ರಲ್ಲಿ. ಭೂಕವಚವನ್ನು ತೂತು ಮಾಡಿ ಅದರ ಕೆಳಗಿನ ಮ್ಯಾಂಟಲ್ ಪದರವನ್ನು ಮುಟ್ಟಬೇಕೆಂಬ ಸಾಹಸಕ್ಕೆ ಅಮೆರಿಕದಲ್ಲಿ ‘ಮೋಹೋಲ್’ ಎಂದು ಹೆಸರಿಟ್ಟಿದ್ದರು. ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಬಳಿ, 3,500 ಮೀಟರಿಗೂ ಹೆಚ್ಚು ಆಳದ ನೀರಿನಲ್ಲಿ ನಿಂತ ಹಡಗು ತಳವನ್ನು 183 ಮೀಟರ್ ಕೊರೆದು ಬಸಾಲ್ಟನ್ನು ತಲುಪಿತು. ಆ ರಂಧ್ರದೊಳಗೆ ಉಷ್ಣತೆಯನ್ನೂ ಅಳೆದರು. ಅಷ್ಟು ಆಳದಲ್ಲಿ ಲಂಗರು ಹಾಕುವಂತಿಲ್ಲವಾದ್ದರಿಂದ, ಸುತ್ತಲೂ ಜೋಡಿಸಿದ ಯಂತ್ರಗಳ ಬಲದಿಂದಲೇ ಹಡಗು ಇದ್ದಲ್ಲಿ ನಿಲ್ಲುವ ಉಪಾಯವೂ ಅಲ್ಲಿ ಸಿದ್ಧಿಸಿತು. ಖರ್ಚು ಹೆಚ್ಚಿತೆಂದು 1966ರಲ್ಲಿ ಅಮೆರಿಕದ ಸಂಸತ್ತು ಮೋಹೋಲನ್ನು ನಿಲ್ಲಿಸಿತು. ಎರಡೇ ವರ್ಷಗಳಲ್ಲಿ, 1968ರಲ್ಲಿ, ‘ಗ್ಲೋಮರ್ ಚಾಲೆಂಜರ್’ ಎಂಬ ಹಡಗು ಹೊಸ ಯೋಜನೆಯೊಂದಿಗೆ ಹೊರಟು 1983ರವರೆಗೆ ದುಡಿಯಿತು. 1985ರಿಂದ ‘ಜೋಯಿಡೀಸ್ ರೆಸಲ್ಯೂಷನ್’ ಆ ಕೆಲಸವನ್ನು ವಹಿಸಿಕೊಂಡಿತು.

ಕೊರೆದ ರಂಧ್ರದಲ್ಲಿ ಉಷ್ಣತೆಯನ್ನು ಅಳೆಯುವುದು ತೋರುವಷ್ಟು ಸರಳವಲ್ಲ. ಬೈರಿಗೆಯನ್ನು ತಂಪಾಗಿಡಲು, ಪುಡಿಯನ್ನು ಹೊರಹಾಕಲು ಕಡಲ ನೀರನ್ನು ರಂಧ್ರದೊಳಗೆ ರಭಸದಿಂದ ತಳ್ಳುತ್ತಿರಬೇಕು. ಆ ನೀರು ಸುತ್ತಲಿನ ಶಿಲೆಯನ್ನೂ ತಂಪು ಮಾಡಿಬಿಡುತ್ತದೆ. ಅಳೆಯಬೇಕಾದುದನ್ನು ಅಳೆಯಹೊರಟ ಕೆಲಸವೇ ಕೆಡಿಸುವ ವಿಚಿತ್ರ ಪ್ರಸಂಗವಿದು. ಮೆತ್ತನೆಯ ಕೆಸರಿನಲ್ಲಾದರೆ ಇದಕ್ಕೆ ಜಾಣ ಪರಿಹಾರವಿದೆ. ಬೈರಿಗೆಯ ಬಾಯಿಯಿಂದ ಸುಮಾರು ಒಂಬತ್ತೂವರೆ ಮೀಟರ್ ಮುಂದಕ್ಕೆ, ಇನ್ನೂ ಕಲಕದ ಕೆಸರಿನೊಳಕ್ಕೆ, ಕೊಳವೆಯೊಂದನ್ನು ಬಾಣದಂತೆ ಚಿಮ್ಮಿಸುತ್ತಾರೆ. ಅದರ ಅಂಚಿನ ಉಕ್ಕಿನಲ್ಲಿ ಹುದುಗಿಸಿದ ಸೂಕ್ಷ್ಮ ಮಾಪಕ ಉಷ್ಣತೆಯನ್ನು ದಾಖಲಿಸುತ್ತದೆ. ನಾಟಿದ ಘರ್ಷಣೆಗೆ ಕೊಳವೆಯೇ ಮೊದಲು ಬಿಸಿಯಾಗುವುದರಿಂದ ಹತ್ತು ನಿಮಿಷ ಅದನ್ನು ಅಲುಗಿಸದೆ ಬಿಟ್ಟು, ಬಿಸಿ ಇಳಿಯುವ ಕ್ರಮವನ್ನು ನೋಡಿ, ನಿಜವಾದ ಉಷ್ಣತೆ ಎಲ್ಲಿ ನಿಲ್ಲಬಹುದೆಂದು ನಿರ್ಧರಿಸಬೇಕು. ಹಡಗಿನ ಒಂದೊಂದು ಗಂಟೆಯ ಖರ್ಚನ್ನು ಎಣಿಸುತ್ತಿರುವಾಗ ಏನೂ ಮಾಡದೆ ಹತ್ತು ನಿಮಿಷ ಕಾಯುವುದು ಸಣ್ಣ ತಾಳ್ಮೆಯಲ್ಲ. ಗಟ್ಟಿ ಶಿಲೆಯಲ್ಲಾದರೆ ಕಾಯಬೇಕಾದುದು ದಿನಗಟ್ಟಲೆ, ತಿಂಗಳುಗಟ್ಟಲೆ.

ಅಂಥ ತಾಳ್ಮೆಗೆ ದೊರೆತ ಫಲ 504ಬಿ ಎಂಬ ರಂಧ್ರ. ಮಧ್ಯ ಅಮೆರಿಕದ ದಕ್ಷಿಣಕ್ಕೆ, ಶಾಂತಸಾಗರದ ಪೂರ್ವ ಭಾಗದಲ್ಲಿ, ಸುಮಾರು 3,460 ಮೀಟರ್ ನೀರಿನ ಅಡಿಯಲ್ಲಿ ಅದನ್ನು 1979ರಲ್ಲಿ ಕೊರೆಯಲು ತೊಡಗಿದರು. ಬಾಯಿಯ ಬಳಿ ಲೋಹದ ದೊಡ್ಡ ಆಲಿಕೆಯೊಂದನ್ನು ಇರಿಸಿದ್ದರಿಂದ ವರ್ಷಗಳ ಅನಂತರ ಹಿಂದಿರುಗಿ ಬಂದ ಹಡಗು ಕೂಡ ಕೊಳವೆಯನ್ನು ಅದೇ ರಂಧ್ರದೊಳಕ್ಕೆ ಇಳಿಸಬಹುದಾಗಿತ್ತು. ಹೀಗೆ ಮತ್ತೆ ಮತ್ತೆ ಬಂದು 1993ರ ಹೊತ್ತಿಗೆ ತಳದಿಂದ 2,111 ಮೀಟರ್ ಆಳಕ್ಕೆ ಇಳಿದರು. ಆ ಆಳದಲ್ಲಿ ಉಷ್ಣತೆ 200 ಡಿಗ್ರಿಗೆ ಸಮೀಪವಾಗಿತ್ತು. ಈ ರಂಧ್ರ ತಿಳಿಸಿದ ಸಂಗತಿಗಳಲ್ಲಿ ಎರಡು ಮುಖ್ಯವಾದುವು. ಅಲ್ಲಿನ ಶಿಲೆಯ ವಯಸ್ಸು ಸುಮಾರು 60 ಲಕ್ಷ ವರ್ಷ. ಸಾಗರತಳದ ಮಟ್ಟಿಗೆ ಇದು ಎಳೆಯ ಪ್ರಾಯ. ಆದರೂ ಅಲ್ಲಿ ಅಳೆದ ಶಾಖ ಲೆಕ್ಕಕ್ಕೆ ಸರಿಹೊಂದಿತು. ಕಾರಣ, ಅಲ್ಲಿನ ಶಿಲೆಯ ಮೇಲೆ 270 ಮೀಟರಿಗೂ ಮಿಕ್ಕ ಕೆಸರಿನ ಹೊದಿಕೆಯಿತ್ತು. ಮಡಕೆಗೆ ಮುಚ್ಚಳ ಹಾಕಿದಂತೆ ಅದು ಬಿಸಿ ನೀರನ್ನು ಹೊರಬಿಡುತ್ತಿರಲಿಲ್ಲ. ಇನ್ನೊಂದು ಸಂಗತಿ ಆ ಮುಚ್ಚಳವನ್ನು ತೂತು ಮಾಡಿದಾಗ ಹೊರಬಿತ್ತು. ಮೇಲಿನ ತಣ್ಣೀರು ರಂಧ್ರದ ಮೂಲಕ ಒಳಕ್ಕೆ ಸೆಳೆಯಲ್ಪಟ್ಟು ಶಿಲೆಯಲ್ಲಿ ಇಂಗತೊಡಗಿತು. ಮಾಪಕಗಳು ಅದನ್ನು ಕೂಡಲೇ ತೋರಿಸಿದುವು. ಕೆಳಗಿನ ಶಿಲೆ ನೀರನ್ನು ಹೀರಬಲ್ಲುದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ.

ತೆರೆದ ರಂಧ್ರ ಹೀಗೆ ಸಹಜ ಸ್ಥಿತಿಯನ್ನೇ ಕದಡುತ್ತದೆಂದು ತಿಳಿದ ಮೇಲೆ, ರಂಧ್ರಕ್ಕೆ ಬಿರಡೆ ಹಾಕುವ ಕ್ರಮ 1991ರಲ್ಲಿ ಬಳಕೆಗೆ ಬಂದಿತು. ಒಳಗೆ ಉಷ್ಣತಾಮಾಪಕಗಳ ಸರವನ್ನೂ ಒತ್ತಡಮಾಪಕವನ್ನೂ ಬಿಟ್ಟು, ಮೇಲೆ ಭದ್ರವಾಗಿ ಮುಚ್ಚಿ, ಹಡಗು ಹೊರಟುಹೋಗುತ್ತದೆ. ವರ್ಷಗಳ ಅನಂತರ ಜಲಾಂತರ್ಗಾಮಿ ನೌಕೆಯೊಂದು ಇಳಿದು ದಾಖಲೆಯನ್ನು ಓದಿಕೊಂಡು ಬರುತ್ತದೆ. ಉತ್ತರ ಅಮೆರಿಕದ ಪಶ್ಚಿಮ ತೀರದ ಆಚೆಯ ಹ್ವಾನ್ ದ ಫೂಕ ಶ್ರೇಣಿಯ ಪಕ್ಕದಲ್ಲಿ, ಕೆಸರಿನ ಬಯಲಿನ ನಡುವೆ ಅಲ್ಲಲ್ಲಿ ಬೋಳು ಶಿಲೆಯ ಗುಡ್ಡಗಳು ತಲೆಯೆತ್ತಿವೆ. ಅವುಗಳಲ್ಲಿ ಒಂದು ಗುಡ್ಡದಲ್ಲಿ ಒಳಕ್ಕಿಳಿದ ಕಡಲ ನೀರು, ಕೆಸರಿನ ಅಡಿಯಲ್ಲೇ ಹರಿದು, ಸುಮಾರು 50 ಕಿಲೋಮೀಟರ್ ಆಚೆಯ ಇನ್ನೊಂದು ಗುಡ್ಡದಲ್ಲಿ ಹೊರಬರುತ್ತದೆ ಎಂದು ಆಂಡ್ರ್ಯೂ ಫಿಷರ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು. ನೀರು ಇಳಿಯುವ ಕಡೆ ತಳ ತಣ್ಣಗಿರುತ್ತದೆ, ಏಳುವ ಕಡೆ ಬಿಸಿಯಾಗಿರುತ್ತದೆ. ಶಾಖದ ಅಳತೆಯೂ ನೀರಿನ ರಾಸಾಯನಿಕ ಪರೀಕ್ಷೆಯೂ ಸೇರಿ ಆ ಗುಪ್ತಗಾಮಿನಿಯ ಜಾಡನ್ನು ಹಿಡಿದುವು.

ಇವೆಲ್ಲ ಪಂಡಿತರ ಕುತೂಹಲವನ್ನು ತಣಿಸುವ ಸಂಗತಿಗಳು, ಜನಸಾಮಾನ್ಯರಿಗೆ ಇದರಿಂದ ಏನು ಎಂದು ಕೇಳುವವರು 2011ರ ಮಾರ್ಚ್ 11ನ್ನು ನೆನೆಯಬಹುದು. ಅಂದು ಜಪಾನಿನ ಈಶಾನ್ಯ ತೀರದ ಆಚೆ ಸಂಭವಿಸಿದ ಭೂಕಂಪದಲ್ಲಿ ಕಡಲ ಕಂದಕದ ಬಳಿ ಭೂಫಲಕವು ಸುಮಾರು 50 ಮೀಟರ್ ಜಾರಿತು. ಎದ್ದ ಸುನಾಮಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಅಷ್ಟು ದೂರ ಅದು ಜಾರಿದ್ದು ಹೇಗೆ? ಎರಡು ಕೈಗಳನ್ನು ಉಜ್ಜಿದರೆ ಬಿಸಿಯಾಗುವಂತೆ, ಜಾರಿದ ಬಿರುಕಿನಲ್ಲಿ ಘರ್ಷಣೆಯ ಶಾಖ ಉಳಿದಿರಬೇಕು. ಆ ಶಾಖವನ್ನು ಅಳೆದರೆ ಘರ್ಷಣೆ ಎಷ್ಟಿತ್ತೆಂದು ತಿಳಿಯುತ್ತದೆ. ಆದರೆ ಆ ಶಾಖ ಕೆಲವೇ ವರ್ಷಗಳಲ್ಲಿ ಕರಗಿಹೋಗುವಂಥದು. ಇಲ್ಲಿ ತಾಳ್ಮೆಯ ಜೊತೆಗೆ ತ್ವರೆಯೂ ಬೇಕಾಗಿತ್ತು. ಜಪಾನಿನ ‘ಚಿಕ್ಯೂ’ ಎಂಬ ಹಡಗು 2012ರಲ್ಲಿ, ಸುಮಾರು 6,900 ಮೀಟರ್ ನೀರಿನ ಅಡಿಯಲ್ಲಿ, ತಳವನ್ನು 800 ಮೀಟರಿಗೂ ಆಳವಾಗಿ ಕೊರೆದು, ಆ ಬಿರುಕನ್ನು ಹಾಯ್ದು, 55 ಮಾಪಕಗಳ ಸರವನ್ನು ಇಳಿಬಿಟ್ಟಿತು. ಒಂಬತ್ತು ತಿಂಗಳ ಅನಂತರ, 2013ರ ಏಪ್ರಿಲ್‌ನಲ್ಲಿ, ಮಾನವರಹಿತ ನೌಕೆಯಿಂದ ಅದನ್ನು ಮೇಲೆತ್ತಿದರು. ಬಿರುಕಿನ ಬಳಿ ಸುತ್ತಲಿಗಿಂತ ಹೆಚ್ಚಿದ್ದ ಉಷ್ಣತೆ ಒಂದು ಡಿಗ್ರಿಯ ಮೂರನೆಯ ಒಂದು ಭಾಗಕ್ಕೂ ಕಡಿಮೆ, 0.31 ಡಿಗ್ರಿ! ಅಷ್ಟು ಸ್ವಲ್ಪವಾಗಿದ್ದುದೇ ಉತ್ತರವಾಗಿತ್ತು. ನುಣುಪಾದ ಜೇಡಿಯಿಂದ ಕೂಡಿದ ಆ ಬಿರುಕಿನಲ್ಲಿ ಘರ್ಷಣೆ ಸಾಮಾನ್ಯ ಶಿಲೆಗಳಲ್ಲಿ ಇರುವುದಕ್ಕಿಂತ ಹಲವು ಪಟ್ಟು ಕಡಿಮೆಯಾಗಿತ್ತು. ಆದ್ದರಿಂದಲೇ ಫಲಕವು ತಡೆಯಿಲ್ಲದೆ ಜಾರಿತ್ತು. ಆರೇಳು ಕಿಲೋಮೀಟರ್ ನೀರಿನ ಅಡಿಯಲ್ಲಿ ಮೂರನೆಯ ಒಂದು ಡಿಗ್ರಿಯನ್ನು ಹುಡುಕಿಕೊಂಡು ಹೋದ ಈ ಕಾರ್ಯ ವಿಜ್ಞಾನದ ದೊಡ್ಡ ಸಾಹಸಗಳಲ್ಲಿ ಒಂದು. ಅದಕ್ಕೆ ಸಿಕ್ಕ ಪ್ರಚಾರ ಸಾಲದು.

ಭಾರತಕ್ಕೂ ಈ ವಿಷಯ ಹೊರಗಿನದಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಎದ್ದ ಸುನಾಮಿ ಅಂಡಮಾನ್ ನಿಕೋಬಾರ್ ದ್ವೀಪಗಳನ್ನೂ ತಮಿಳುನಾಡಿನ ತೀರವನ್ನೂ ಹೇಗೆ ಕೊಚ್ಚಿತೆಂಬುದು ಪ್ರಸಿದ್ಧ. ಆ ಬಿರುಕಿನತ್ತ ಸಾಗುತ್ತಿರುವ ಸಾಗರತಳವನ್ನು ಜೋಯಿಡೀಸ್ ರೆಸಲ್ಯೂಷನ್ 2016ರಲ್ಲಿ 1,500 ಮೀಟರ್‌ವರೆಗೆ ಕೊರೆಯಿತು. ಅಲ್ಲಿ ಕೆಸರಿನ ಪದರ ಕಿಲೋಮೀಟರುಗಟ್ಟಲೆ ದಪ್ಪ. ಅದರ ಅಡಿಭಾಗ ಕಂದಕವನ್ನು ಸೇರುವ ಮೊದಲೇ ಕಾದು, ಖನಿಜಗಳೊಳಗಿನ ನೀರನ್ನು ಕಳೆದುಕೊಂಡು, ಗಟ್ಟಿಯಾಗುತ್ತದೆ; ಆದ್ದರಿಂದ ಅಲ್ಲಿ ಭೂಕಂಪದ ಸೀಳು ತಳದ ಸಮೀಪದವರೆಗೂ ಬಂದು ದೊಡ್ಡ ಅಲೆಯನ್ನು ಎಬ್ಬಿಸಿರಬೇಕೆಂದು ಅಲ್ಲಿಗೆ ಹೋದ ವಿಜ್ಞಾನಿಗಳು 2017ರಲ್ಲಿ ವಿವರಿಸಿದರು. ಜಪಾನಿನ ಕಾರಣ ಬೇರೆ, ಸುಮಾತ್ರದ ಕಾರಣ ಬೇರೆ. ಒಂದು ಕಡೆಯ ಲೆಕ್ಕವನ್ನು ಇನ್ನೊಂದು ಕಡೆಗೆ ಹೊಲಿದು ಹಾಕಿದರೆ ಹೊಂದುವುದಿಲ್ಲ.

ಇದೇ ಹಡಗು 2006ರಲ್ಲಿ ಭಾರತದ ಕೋರಿಕೆಯ ಮೇಲೆ ಬಂದು, 113 ದಿನಗಳಲ್ಲಿ 21 ಸ್ಥಳಗಳಲ್ಲಿ ಕೊರೆದು ಮೀಥೇನ್ ಹೈಡ್ರೇಟನ್ನು ಅರಸಿತು. ಮಂಜುಗಡ್ಡೆಯಂತೆ ತೋರುವ ಈ ವಸ್ತುವಿನಲ್ಲಿ ಉರಿಯುವ ಅನಿಲ ಸೆರೆಯಾಗಿರುತ್ತದೆ. ತಂಪೂ ಒತ್ತಡವೂ ಇರುವವರೆಗೆ ಮಾತ್ರ ಅದರ ಬಾಳು. ಕೆಳಗೆ ಹೋದಂತೆ ಉಷ್ಣತೆ ಏರಿ ಒಂದು ಆಳದಲ್ಲಿ ಅದು ಕರಗಿಬಿಡುತ್ತದೆ. ಆದ್ದರಿಂದ ಉಷ್ಣತೆಯ ಏರಿಕೆಯನ್ನು ತಿಳಿಯದೆ ಅದರ ಪ್ರಮಾಣವನ್ನು ಹೇಳುವಂತಿಲ್ಲ. ಅಂಡಮಾನಿನ ಬಳಿ ಈ ಏರಿಕೆ ಮಂದವಾಗಿರುವುದರಿಂದ ಹೈಡ್ರೇಟ್ ತಳದಿಂದ ಸುಮಾರು 600 ಮೀಟರ್ ಆಳದವರೆಗೂ ಸಿಕ್ಕಿತು.

ಇಂಥ ಹಡಗಿನ ವೈಜ್ಞಾನಿಕ ಯಾತ್ರೆ 2024ರಲ್ಲಿ ಕೊನೆಗೊಂಡಿತು. ಹಣ ಮುಂದುವರಿಸಲಾಗದೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2023ರಲ್ಲಿ ಪ್ರಕಟಿಸಿತ್ತು. ಅದೇ 2023ರಲ್ಲಿ ಆ ಹಡಗು ಅಟ್ಲಾಂಟಿಕ್ ಸಾಗರದಲ್ಲಿ, ಮ್ಯಾಂಟಲಿನ ಶಿಲೆ ಮೇಲಕ್ಕೆ ತಳ್ಳಲ್ಪಟ್ಟಿರುವ ಅಪರೂಪದ ಜಾಗವೊಂದರಲ್ಲಿ, ಆ ಶಿಲೆಯನ್ನು 1,268 ಮೀಟರ್ ಕೊರೆದಿತ್ತು. ವೃದ್ಧಾಪ್ಯದಲ್ಲಿ ಇಷ್ಟು ದುಡಿದ ಹಡಗಿಗೆ ವಿಶ್ರಾಂತಿ ಕೊಟ್ಟದ್ದು ತಪ್ಪಲ್ಲ. ಅದರ ಜಾಗಕ್ಕೆ ಮತ್ತೊಂದನ್ನು ಸಿದ್ಧಗೊಳಿಸದೆ ವಿಶ್ರಾಂತಿ ಕೊಟ್ಟದ್ದು ತಪ್ಪು. ಖರ್ಚು ಹೆಚ್ಚು ಎಂಬ ವಾದ ಸುಳ್ಳಲ್ಲ. ಆದರೆ ಎಣ್ಣೆಗಾಗಿ ಕಡಲನ್ನು ಕೊರೆಯುವಾಗ ಖರ್ಚಿನ ಮಾತನ್ನು ಇಷ್ಟು ಗಟ್ಟಿಯಾಗಿ ಆಡಿದವರನ್ನು ಕಾಣುವುದು ಅಪೂರ್ವ. ಗಣಕಯಂತ್ರಗಳೇ ಈಗ ಎಲ್ಲವನ್ನೂ ಲೆಕ್ಕ ಹಾಕಬಲ್ಲುವು ಎಂಬ ವಾದವಂತೂ ಕೆಲ್ವಿನ್ನನ ಕಾಲದ್ದೇ. ಯಂತ್ರ ಹೊಸದು, ವಾದ ಹಳೆಯದು. ಮನುಷ್ಯನು ಮರೆತು ಬಿಟ್ಟದ್ದನ್ನು ಯಂತ್ರ ತಾನಾಗಿ ನೆನೆದುಕೊಳ್ಳುವುದಿಲ್ಲ.

ಚಿಕ್ಯೂ ಇನ್ನೂ ಇದೆ. ಜಪಾನ್ ಮತ್ತು ಯೂರೋಪಿನ ರಾಷ್ಟ್ರಗಳು ಸೇರಿ 2025ರಿಂದ ಹೊಸ ಯೋಜನೆಯನ್ನು ನಡೆಸುತ್ತಿವೆ. ಚೀನಾ 2024ರ ನವೆಂಬರಿನಲ್ಲಿ ‘ಮೆಂಗ್ ಶಿಯಾಂಗ್’ ಎಂಬ ದೊಡ್ಡ ಹಡಗನ್ನು ಸೇವೆಗೆ ತಂದಿತು. ಭಾರತ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟ ಆಳಸಾಗರ ಯೋಜನೆಯಲ್ಲಿ ಮನುಷ್ಯರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ನೌಕೆಯ ನಿರ್ಮಾಣವೂ ಸೇರಿದೆ, ಅದು ಶ್ಲಾಘ್ಯ. ಆದರೆ ತಳವನ್ನು ನೋಡಿ ಬರುವುದು ಬೇರೆ, ತಳದೊಳಕ್ಕೆ ಮಾಪಕವನ್ನು ಇಳಿಸಿ ವರ್ಷಗಟ್ಟಲೆ ಕಾಯುವುದು ಬೇರೆ. ಬಂಗಾಳ ಕೊಲ್ಲಿಯ ತೀರದಲ್ಲಿ ಇಷ್ಟು ಜನರನ್ನು ನೆಲೆಗೊಳಿಸಿರುವ ದೇಶ ಎರಡನೆಯ ಕೆಲಸದಲ್ಲೂ ಪಾಲುದಾರನಾಗಬೇಕು. ಸ್ವಂತ ಹಡಗನ್ನು ಕಟ್ಟಲಾಗದಿದ್ದರೆ ಬೇರೆ ದೇಶಗಳ ಹಡಗಿನಲ್ಲಿ ಪಾಲು ಹಿಡಿದು, ಅಂಡಮಾನಿನ ಕಂದಕದ ಬಳಿ ಯಾವ ಜಾಗವನ್ನು ಕೊರೆಯಬೇಕೆಂದು ತಾನೇ ಮುಂದಾಗಿ ಸೂಚಿಸಬೇಕು.

504ಬಿ ರಂಧ್ರ 1993ರಲ್ಲಿ ತಲುಪಿದ ಆಳಕ್ಕೇ ನಿಂತಿದೆ. ಮೋಹೋಲಿನವರು 1961ರಲ್ಲಿ ಮುಟ್ಟಬೇಕೆಂದಿದ್ದ ಮ್ಯಾಂಟಲ್, ಅದರ ತುದಿಯಿಂದ ಇನ್ನೂ ಮೂರು ನಾಲ್ಕು ಕಿಲೋಮೀಟರ್ ಕೆಳಗಿದೆ. ಅಲ್ಲಿನ ಉಷ್ಣತೆಯ ಬಗ್ಗೆ ಈಗ ಇರುವುದು ಲೆಕ್ಕ ಮಾತ್ರ.